ಗಾಳಿ ತಿರುಗಿದರೆ ಅಂತ ಕೇಳಿದೆಯಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ರದಲ್ಲಿ ಉಳಿದದ್ದೆಲ್ಲ ಓದಿ ಖುಷಿಯಾಯಿತು. ಆದರೆ ಕೊನೆಯ ಸಾಲು ರಾತ್ರಿ ನಿದ್ದೆಗೆ ಬಿಡಲಿಲ್ಲ. "ನಾಲ್ಕು ವರ್ಷ ಚೀನೀ ಭಾಷೆ ಕಲಿತಿದ್ದೇನೆ ದೊಡ್ಡಪ್ಪ, ನಾಳೆ ನಮ್ಮ ದೇಶ ಅವರ ಜೊತೆ ವ್ಯಾಪಾರವೇ ಬೇಡ ಅಂದರೆ ನನ್ನ ಗತಿ ಏನು?" ಸುಮ್ನೆ ಹೆದರಬೇಡ ಅಂತ ಎರಡು ಸಾಲು ಬರೆದು ಕಳಿಸಬಹುದಿತ್ತು. ಕೈ ಬರಲಿಲ್ಲ. ನಿನಗೆ ಈಗ ಇರುವ ಹೆದರಿಕೆ ನನ್ನ ಪಾಲಿಗೆ ನಿಜವೇ ಆಗಿಹೋಗಿತ್ತು.

ನಾನು ರಷ್ಯನ್ ಕಲಿತದ್ದು ಎಲ್ಲರಿಗೂ ಗೊತ್ತು, ಬಿಟ್ಟದ್ದು ಯಾಕೆ ಅಂತ ಯಾರಿಗೂ ಹೇಳಿಲ್ಲ. ಆಗ ಸೋವಿಯತ್ ಒಕ್ಕೂಟದ ಜೊತೆ ರೂಪಾಯಿ ವ್ಯಾಪಾರ ನಡೆಯುತ್ತಿತ್ತು. ಡಾಲರ್ ಬೇಕಿರಲಿಲ್ಲ. ಅವರ ಎಣ್ಣೆ, ಯಂತ್ರ, ಶಸ್ತ್ರಗಳಿಗೂ ನಮ್ಮ ಚಹಾ, ಬಟ್ಟೆ, ಔಷಧಿಗಳಿಗೂ ರೂಪಾಯಿಯಲ್ಲೇ ಲೆಕ್ಕ. 1953ರಲ್ಲಿ ಮೊದಲ ವ್ಯಾಪಾರ ಒಪ್ಪಂದ, 1971ರಲ್ಲಿ ಮೈತ್ರಿ ಒಪ್ಪಂದ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಇದು ಬೆಳಗಾಗುವಷ್ಟೇ ಖಾತ್ರಿ ಅನ್ನುವ ಹಾಗಿತ್ತು.

1991ರ ಡಿಸೆಂಬರ್‌ನಲ್ಲಿ ಆ ದೇಶವೇ ಇಲ್ಲವಾಯಿತು. ಆ ದಿನ ನಮ್ಮ ಗೋಡೌನಿನಲ್ಲಿ ಉಣ್ಣೆ ಬಟ್ಟೆ ತುಂಬಿದ ಪೆಟ್ಟಿಗೆಗಳು ಮಾಡಿನವರೆಗೆ ಇದ್ದವು. ಪ್ರತಿಯೊಂದರ ಮೇಲೂ ತಗಡಿನ ಅಚ್ಚು ಇಟ್ಟು ಕಪ್ಪು ಬಣ್ಣದಲ್ಲಿ 'ಒಡೆಸ್ಸಾ' ಅಂತ ರಷ್ಯನ್ ಅಕ್ಷರ ಹೊಡೆಸಿದವನು ನಾನೇ. ಜನವರಿ ಬಂತು, ಮಾರ್ಚ್ ಬಂತು, ಪೆಟ್ಟಿಗೆ ಕದಲಲಿಲ್ಲ. ಬಿಲ್ಲು ಯಾರ ಹೆಸರಿಗೆ ಹಾಕಬೇಕು ಅಂತಲೇ ಗೊತ್ತಾಗಲಿಲ್ಲ. ಕೊಳ್ಳುತ್ತಿದ್ದ ಸರ್ಕಾರಿ ಸಂಸ್ಥೆ ಬಾಗಿಲು ಹಾಕಿತ್ತು, ಒಡೆಸ್ಸಾ ಉಕ್ರೇನ್ ಅನ್ನುವ ಬೇರೆ ದೇಶದ ಊರಾಗಿತ್ತು.

ಹಾಗಾಗಿ ನಿನ್ನ ಹೆದರಿಕೆ ಸುಳ್ಳು ಅಂತ ನಾನು ಹೇಳಲಾರೆ.

ಆದರೆ ನೀನು ಇನ್ನೊಂದು ಮಾತು ಬರೆದಿದ್ದೀಯ, ಯಾರ ಜೊತೆ ವ್ಯಾಪಾರ ಜಾಸ್ತಿ ಅಂತ ನೋಡಿದರೆ ದೇಶ ಯಾರ ಕಡೆ ವಾಲಿದೆ ಅಂತ ತಿಳಿಯುತ್ತದೆ ಅಲ್ವಾ ಅಂತ. ತಿಳಿಯುತ್ತದೆ, ಅರ್ಧ ಮಾತ್ರ. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಸತ್ತರು. ಚೀನಾದ ಆ್ಯಪ್‌ಗಳು ನಿಷೇಧವಾದವು, ಅಲ್ಲಿಂದ ಬರುವ ಬಂಡವಾಳಕ್ಕೆ ಆ ವರ್ಷ ಏಪ್ರಿಲ್‌ನಲ್ಲೇ ಸರ್ಕಾರದ ಅನುಮತಿ ಕಡ್ಡಾಯವಾಗಿತ್ತು. ಸಂಬಂಧ ಅಷ್ಟು ಕೆಟ್ಟಿತ್ತು. ಆದರೂ 2023-24ರಲ್ಲಿ ಅಲ್ಲಿಂದ ನಾವು ತರಿಸಿದ ಸಾಮಾನು 100 ಬಿಲಿಯನ್ ಡಾಲರ್ ದಾಟಿತು. ಫೋನಿನ ಬಿಡಿಭಾಗ, ಔಷಧಿಯ ಕಚ್ಚಾವಸ್ತು, ಸೋಲಾರ್ ಸಾಮಾನು ಅಷ್ಟು ಬೇಗ ಬೇರೆ ಕಡೆ ಸಿಗುವುದಿಲ್ಲ, ಏನು ಮಾಡುವುದು ಹೇಳು.

ರಷ್ಯಾದ ಎಣ್ಣೆ ನೋಡು. 2022ಕ್ಕೆ ಮುಂಚೆ ನಾವು ತರಿಸುವ ಕಚ್ಚಾ ತೈಲದಲ್ಲಿ ಅದರ ಪಾಲು 2%ಕ್ಕಿಂತ ಕಡಿಮೆ. ಉಕ್ರೇನ್ ಯುದ್ಧ ಶುರುವಾಗಿ ಯುರೋಪ್ ಕೊಳ್ಳುವುದು ಕಡಿಮೆ ಮಾಡಿತು, ರಷ್ಯಾದವರು ರೇಟು ಇಳಿಸಿದರು, 2023ರ ಹೊತ್ತಿಗೆ ನಮ್ಮ ತೈಲದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅಲ್ಲಿಂದಲೇ. ನಮ್ಮವರು ಇದು ಬರೀ ರೇಟಿನ ಮಾತು ಅಂದರು. ಅಮೆರಿಕ ಅದನ್ನು ಪಕ್ಷ ಹಿಡಿದದ್ದು ಅಂತ ಓದಿಕೊಂಡಿತು, 2025ರ ಆಗಸ್ಟ್‌ನಲ್ಲಿ ನಮ್ಮ ಸಾಮಾನಿನ ಮೇಲೆ 25% ಹೆಚ್ಚುವರಿ ಸುಂಕ ಹಾಕಿತು. ನಾವು ಯಾರ ಕಡೆ ಅನ್ನುವುದನ್ನು ನಾವೊಬ್ಬರೇ ತೀರ್ಮಾನ ಮಾಡುವುದಿಲ್ಲ ಪುಟ್ಟಿ. ನನ್ನ ಭಯ ಇರುವುದು ಅಲ್ಲೇ.

ಮತ್ತೆ ನಿನ್ನ ಮಾತಿಗೇ ಬರುತ್ತೇನೆ. ಚೀನಾ ಜೊತೆ ಪೂರ್ತಿ ಕಡಿದುಹೋಗುತ್ತದಾ? 2020ರಲ್ಲಿ ಆಸ್ಟ್ರೇಲಿಯಾ ಕೋವಿಡ್ ಎಲ್ಲಿಂದ ಬಂತು ತನಿಖೆಯಾಗಲಿ ಅಂದಿತು. ಚೀನಾ ಅವರ ಬಾರ್ಲಿಗೆ 80% ಸುಂಕ ಜಡಿಯಿತು, ಆಮೇಲೆ ವೈನಿಗೂ ಹಾಕಿತು. ಕಬ್ಬಿಣದ ಅದಿರನ್ನು ಮಾತ್ರ ಮುಟ್ಟಲಿಲ್ಲ, ಅದಿಲ್ಲದೆ ಚೀನಾದ ಉಕ್ಕಿನ ಕಾರ್ಖಾನೆ ನಡೆಯುವುದಿಲ್ಲ. 2023ರಲ್ಲಿ ಬಾರ್ಲಿಯ ಸುಂಕವೂ ಹೋಯಿತು, ಮರುವರ್ಷ ವೈನಿನದೂ. ಅಂದರೆ ಜಗಳ ಬಂದಾಗ ಮೊದಲು ಪೆಟ್ಟು ತಿನ್ನುವುದು, ಇಲ್ಲದಿದ್ದರೂ ನಡೆಯುತ್ತದೆ ಅನ್ನುವ ಸರಕು. ನೀನು ಯಾವ ಸರಕಿನ ಪಕ್ಕ ನಿಂತಿದ್ದೀಯ ಅಂತ ನೋಡಿಕೋ. ಬುದ್ಧಿ ಹೇಳುವ ಯೋಗ್ಯತೆ ನನಗಿದೆಯಾ ಗೊತ್ತಿಲ್ಲ, ಆದರೂ ಹೇಳುತ್ತಿದ್ದೇನೆ.

ನಾನು ಅದನ್ನೇ ಮಾಡಲಿಲ್ಲ. ದೇಶ ಕಲಿತೆ, ಭಾಷೆ ಕಲಿತೆ, ಸರಕು ಕಲಿಯಲಿಲ್ಲ. ನನ್ನ ಪಕ್ಕದ ಮೇಜಿನವನಿಗೆ ರಷ್ಯನ್ ಒಂದಕ್ಷರ ಬರುತ್ತಿರಲಿಲ್ಲ, ಆದರೆ ಬಟ್ಟೆ ಬೆರಳಲ್ಲಿ ಉಜ್ಜಿ ನೂಲು ಎಂಥದು ಅಂತ ಹೇಳುತ್ತಿದ್ದ. ಅವನು ಆರು ತಿಂಗಳಲ್ಲಿ ಜರ್ಮನಿಯ ಗಿರಾಕಿ ಹಿಡಿದ. ನಾನು ನಿಘಂಟನ್ನು ಗುಜರಿಯವನಿಗೆ ಹಾಕಿ, ಸಿಕ್ಕ ಲೆಕ್ಕದ ಕೆಲಸ ಹಿಡಿದೆ. ಅದೇ ಹೊತ್ತಲ್ಲಿ ಒಡೆಸ್ಸಾದಿಂದ ಒಂದು ಪತ್ರ ಬಂತು. ಅಲ್ಲಿ ನಮ್ಮ ಸರಕು ಇಳಿಸಿಕೊಳ್ಳುತ್ತಿದ್ದ ಗುಮಾಸ್ತನದು. ಸಣ್ಣ ಮಟ್ಟದಲ್ಲಿ ನಾವಿಬ್ಬರೇ ಏನಾದರೂ ಶುರು ಮಾಡೋಣವಾ ಅಂತ ಬರೆದಿದ್ದ. ಸಿಟ್ಟಿನಲ್ಲಿದ್ದೆ, ಪೂರ್ತಿ ಓದಲೂ ಇಲ್ಲ, ಉತ್ತರವನ್ನೂ ಬರೆಯಲಿಲ್ಲ. ಸರ್ಕಾರಗಳ ಲೆಕ್ಕ ಮುಗಿದರೆ ನಮ್ಮಿಬ್ಬರ ಲೆಕ್ಕವೂ ಮುಗಿದಂತೆ ಅಂದುಕೊಂಡೆ. ಅದು ಈಗಲೂ ಚುಚ್ಚುತ್ತದೆ.

ನೀನು ಈ ವರ್ಷದ ಪರೀಕ್ಷೆ ಬಿಡಬೇಡ. ಭಾಷೆಯ ಜೊತೆ ಒಂದು ಸರಕು ಹಿಡಿ, ಔಷಧಿಯ ಕಚ್ಚಾವಸ್ತುವೋ ಬ್ಯಾಟರಿಯೋ, ಏನಾದರೂ. ದುಡ್ಡು ಯಾವ ಕರೆನ್ಸಿಯಲ್ಲಿ, ಯಾವ ದಾರಿಯಲ್ಲಿ ಬರುತ್ತದೆ ಅನ್ನುವುದನ್ನೂ ಕೇಳಿ ತಿಳಿದುಕೋ, ನಮಗೆ ರೂಪಾಯಿ ಲೆಕ್ಕ ನಿಂತಾಗಲೇ ಕಾಲಡಿಯ ನೆಲ ಹೋದದ್ದು. ಇಷ್ಟೇ ನನಗೆ ತೋಚುವುದು.

ಮೊನ್ನೆ ಆ ಒಡೆಸ್ಸಾದ ಪತ್ರ ಹುಡುಕಿ ತೆಗೆದೆ. ಎರಡನೇ ಹಾಳೆಯಲ್ಲಿ ಅರ್ಧ ಪದಗಳೇ ಮರೆತುಹೋಗಿವೆ. ರಜೆಗೆ ಬಂದಾಗ ನಿನ್ನ ಫೋನಿನಲ್ಲಿ ಅದನ್ನು ಓದಿಸಿಕೊಡು. ಅವನು ಕೊನೆಯಲ್ಲಿ ಏನು ಕೇಳಿದ್ದ ಅಂತ ನೋಡಬೇಕು.

ನಿನ್ನ ದೊಡ್ಡಪ್ಪ