ಸ್ಟ್ರಾತ್‌ಮೋರ್ ಕೌಂಟೆಸ್ ಬರೆಸಿಟ್ಟ ಪತ್ರ

ಮಾನ್ಯ ಸಂಪಾದಕರಿಗೆ,

ಸ್ಟ್ರಾತ್‌ಮೋರ್‌ನ ಕೌಂಟೆಸ್ ಮೇರಿ ಎಲೀನರ್ ಬೋವ್ಸ್ (1749–1800) ಅವರ ಬದುಕನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಸೊಗಸಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಹಣಕ್ಕೆ ಹೊಂಚು ಹಾಕಿದವನೊಬ್ಬನಿಗೆ ಮರುಳಾದ ಶ್ರೀಮಂತೆಯ ಕಥೆಯಾಗಿಯೇ ಅದು ಮುಗಿದಿರುವುದರಿಂದ, ಆಕೆ ಮದುವೆಗೆ ಮುಂಚೆ ಬರೆಸಿಟ್ಟಿದ್ದ ಆಸ್ತಿಪತ್ರದ ಮಾತೇ ಅಲ್ಲಿಲ್ಲ.

ಈಶಾನ್ಯ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಒಡೆಯ ಜಾರ್ಜ್ ಬೋವ್ಸ್‌ಗೆ ಆಕೆ ಒಬ್ಬಳೇ ಮಗಳು. ಅಳಿಯನಾಗುವವನು ತಮ್ಮ ಮನೆತನದ ಹೆಸರನ್ನೇ ಇಟ್ಟುಕೊಳ್ಳಬೇಕೆಂಬುದು ತಂದೆಯ ಉಯಿಲಿನ ಷರತ್ತು. ಹದಿನೆಂಟು ತುಂಬಿದ ದಿನವೇ, 1767ರಲ್ಲಿ, ಸ್ಟ್ರಾತ್‌ಮೋರ್‌ನ ಒಂಬತ್ತನೆಯ ಅರ್ಲ್ (ಕುಲೀನರ ಬಿರುದು, ಅರ್ಲ್‌ನ ಹೆಂಡತಿಯೇ ಕೌಂಟೆಸ್) ಜಾನ್ ಲಯನ್‌ನನ್ನು ವರಿಸಿ ಐದು ಮಕ್ಕಳ ತಾಯಿಯಾದ ಆಕೆ 1776ರಲ್ಲಿ ವಿಧವೆಯಾದರು. ಸಸ್ಯಶಾಸ್ತ್ರದಲ್ಲಿ ಆಕೆಗಿದ್ದ ಆಸಕ್ತಿ ಹುಡುಗಾಟದ್ದಲ್ಲ. ದಕ್ಷಿಣ ಆಫ್ರಿಕದ ಕೇಪ್‌ನಿಂದ ಗಿಡಗಳನ್ನು ತರಲು ವಿಲಿಯಂ ಪ್ಯಾಟರ್ಸನ್ ಹೊರಟದ್ದು ಆಕೆಯ ಹಣದ ನೆರವಿನಿಂದಲೇ. ಲೇಖಕರು ಇದಕ್ಕೊಂದು ಸಾಲನ್ನಾದರೂ ಕೊಡಬಹುದಿತ್ತು.

1777ರ ಜನವರಿಯಲ್ಲಿ, ಐರಿಷ್ ಸೇನಾಧಿಕಾರಿ ಆಂಡ್ರ್ಯೂ ರಾಬಿನ್ಸನ್ ಸ್ಟೋನಿಯು ಆಕೆಯ ಮಾನ ಕಾಯುವ ನೆಪದಲ್ಲಿ ಪತ್ರಿಕಾ ಸಂಪಾದಕನೊಬ್ಬನೊಡನೆ ದ್ವಂದ್ವಯುದ್ಧದ ನಾಟಕವಾಡಿ, ಸಾಯುವವನಂತೆ ಮಲಗಿ, ಕೊನೆಯಾಸೆಯೆಂದು ಮದುವೆಯನ್ನು ಬೇಡಿದ. ಮದುವೆಯಾದ ಮೇಲೆ ಬೇಗನೆ ಚೇತರಿಸಿಕೊಂಡ. ಆದರೆ ಅದಕ್ಕೆ ಕೆಲವೇ ದಿನ ಮುಂಚೆ ಆಕೆ ತನ್ನ ಆಸ್ತಿಯ ಆದಾಯವೆಲ್ಲ ತನ್ನ ಸ್ವಂತಕ್ಕೇ ಸಲ್ಲುವಂತೆ ಟ್ರಸ್ಟಿಗಳ ಹೆಸರಿಗೆ ಪತ್ರ ಮಾಡಿಸಿದ್ದರು. ಹೆಂಡತಿಯ ಚರಾಸ್ತಿ ಗಂಡನ ಪಾಲಾಗಿ, ಆಕೆಯ ಜಮೀನಿನ ಆದಾಯವೂ ಅವನ ಕೈಸೇರುತ್ತಿದ್ದ ಕಾಲವದು. ಪತ್ರದ ಸಂಗತಿ ತಿಳಿದ ಸ್ಟೋನಿ ಆ ವರ್ಷದ ಮೇ ತಿಂಗಳಲ್ಲೇ ಅದನ್ನು ರದ್ದುಪಡಿಸುವ ಮತ್ತೊಂದು ಪತ್ರಕ್ಕೆ ಬಲವಂತದಿಂದ ಸಹಿ ಹಾಕಿಸಿಕೊಂಡ. ಮುಂದಿನ ಎಂಟು ವರ್ಷಗಳ ಹೊಡೆತ ಬಡಿತಗಳನ್ನು ಲೇಖನ ವಿವರಿಸಿದೆ, ನಾನು ಮತ್ತೆ ಹೇಳುವುದಿಲ್ಲ.

1785ರಲ್ಲಿ ಆಕೆ ತಪ್ಪಿಸಿಕೊಂಡದ್ದು ಮನೆಗೆಲಸದ ಮೇರಿ ಮಾರ್ಗನ್ ನೆರವಿನಿಂದ. ಯಜಮಾನನ ವಿರುದ್ಧ ಸಾಕ್ಷಿ ನುಡಿದರೆ ಅನ್ನವೇ ಹೋಗಬಹುದಾಗಿದ್ದ ಆಳುಕಾಳುಗಳು, ಗಂಡನಿಂದ ಬಿಡುಗಡೆ ಕೋರಿ ಆಕೆ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಲಯದಲ್ಲಿ ನಿಂತು ಮಾತನಾಡಿದರು. 1786ರ ನವೆಂಬರಿನಲ್ಲಿ ಲಂಡನ್ನಿನ ಹಾಡಹಗಲಿನಲ್ಲೇ ಸ್ಟೋನಿ ಆಕೆಯನ್ನು ಅಪಹರಿಸಿ ಉತ್ತರಕ್ಕೆ ಹೊತ್ತೊಯ್ದು, ಚಳಿಯಲ್ಲಿ ಬಯಲುಸೀಮೆಗಳಲ್ಲಿ ಅಲೆಸಿದ. ಕೊನೆಗೆ ಹಳ್ಳಿಗರು ಅವನನ್ನು ಹಿಡಿದು ಆಕೆಯನ್ನು ಬಿಡಿಸಿದರು. ಅವನಿಗೆ ಮೂರು ವರ್ಷ ಸೆರೆವಾಸವಾಯಿತು.

ಲೇಖನದಲ್ಲಿ 1789ರ ತೀರ್ಪನ್ನು ‘ವಿಚ್ಛೇದನ’ ಎಂದು ಕರೆದಿರುವುದರಿಂದ ಓದುಗರು ತಪ್ಪು ತಿಳಿಯಬಹುದು. ಚರ್ಚ್ ನ್ಯಾಯಾಲಯ ಕೊಟ್ಟದ್ದು ಬೇರೆಯಾಗಿ ಬಾಳುವ ಹಕ್ಕು ಮಾತ್ರ. ಸ್ಟೋನಿ ಬದುಕಿರುವವರೆಗೆ ಆಕೆ ಮರುಮದುವೆಯಾಗುವಂತಿರಲಿಲ್ಲ, ಅವನೋ 1810ರವರೆಗೂ ಬದುಕಿದ್ದ. ಆಸ್ತಿಯ ಮೊಕದ್ದಮೆ ಬೇರೆಯದೇ. ರದ್ದುಪತ್ರವನ್ನು ಬಲವಂತದಿಂದ ಬರೆಸಿಕೊಂಡದ್ದೆಂದು ಜ್ಯೂರಿ ಹೇಳಿತ್ತಾದರೂ, ಮೂಲಪತ್ರ ನಿಲ್ಲುವುದೇ ಎಂಬ ಪ್ರಶ್ನೆ ಉಳಿದಿತ್ತು. ಅಂದಿನ ಇಂಗ್ಲೆಂಡಿನ ಹಿರಿಯ ನ್ಯಾಯಾಧಿಕಾರಿ, ಲಾರ್ಡ್ ಚಾನ್ಸಲರ್ ಥರ್ಲೋ ಅದನ್ನು ಎತ್ತಿಹಿಡಿದದ್ದಕ್ಕೆ ಕಾರಣ ಗಂಡನ ಕ್ರೌರ್ಯವಲ್ಲ. ಆ ಪತ್ರವಾದಾಗ ಆಕೆ ಮದುವೆಯಾಗಬೇಕೆಂದಿದ್ದದ್ದು ಜಾರ್ಜ್ ಗ್ರೇ ಎಂಬಾತನನ್ನು, ಪತ್ರಕ್ಕೆ ಅವನ ಒಪ್ಪಿಗೆಯೂ ಇತ್ತು. ಹಾಗಾಗಿ ಸ್ಟೋನಿಗೆ ಮೋಸವಾಯಿತೆನ್ನಲು ಬರುತ್ತಿರಲಿಲ್ಲ. ಸ್ಟೋನಿಯನ್ನೇ ವರಿಸುವ ಉದ್ದೇಶದಿಂದ, ಅವನಿಂದ ಮುಚ್ಚಿಟ್ಟು ಅದೇ ಪತ್ರ ಮಾಡಿಸಿದ್ದರೆ, ಗಂಡನ ಹಕ್ಕಿಗೆ ಬಗೆದ ವಂಚನೆಯೆಂದು ನ್ಯಾಯಾಲಯ ಅದನ್ನು ತಳ್ಳಿಹಾಕುವ ಸಾಧ್ಯತೆಯೇ ಹೆಚ್ಚಾಗಿತ್ತು.

ಇತಿ,
ಓದುಗರೊಬ್ಬರು, ಧಾರವಾಡ