ಆ ಮಾತ್ರೆಯನ್ನು ನೀನಾಗಿಯೇ ನಿಲ್ಲಿಸಬೇಡ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ರಾತ್ರಿಯೆಲ್ಲ ತಲೆಯಲ್ಲೇ ಸುತ್ತುತ್ತಿತ್ತು. "ದೊಡ್ಡಪ್ಪಾ, ಬಿಪಿ ಈಗ ಸರಿಯಾಗಿದೆ, ಎದೆ ಹೊಡೆದುಕೊಳ್ಳೋದೂ ನಿಂತಿದೆ. ಈ ಮಾತ್ರೆ ಬಿಟ್ಟುಬಿಡಲಾ?" ಎಂದೆ. ನಾನು "ಬೇಡ" ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೋದೆ. ನಿನ್ನದು ಬೀಟಾ ಬ್ಲಾಕರ್, ಎದೆಬಡಿತ ನಿಧಾನಗೊಳಿಸಿ ಬಿಪಿ ಇಳಿಸುವ ಮಾತ್ರೆ. ಅದನ್ನು ಯಾಕೆ ಬಿಡಬಾರದು ಎಂದು ಹೇಳಲಿಲ್ಲ. ನನಗೂ ಒಮ್ಮೆ ಹೀಗೆಯೇ ಕಾರಣ ಹೇಳದೆ ಬೇಡ ಎಂದಿದ್ದರು, ನಾನು ಕೇಳಲಿಲ್ಲ. ಆದ್ದರಿಂದ ಇವತ್ತು ಕೂತು ಬರೆಯುತ್ತಿದ್ದೇನೆ.

ಆಗ ನನಗೆ ಎದೆನೋವಿಗೆಂದು ಅದೇ ಬಗೆಯ ಮೆಟೊಪ್ರೊಲಾಲ್ ಶುರುಮಾಡಿ ಎರಡು ವರ್ಷವಾಗಿತ್ತು. ನೋವು ಪೂರ್ತಿ ನಿಂತಿತ್ತು. ಒಂದು ದಿನ ಮಾತ್ರೆ ಮುಗಿಯಿತು. ನಾಳೆ ತಂದರಾಯಿತು ಎಂದುಕೊಂಡೆ. ಮರುದಿನವೂ ಏನೂ ಆಗಲಿಲ್ಲ, ಅದರ ಮರುದಿನವೂ ಆಗಲಿಲ್ಲ. ಹಾಗಾದರೆ ಇನ್ನು ಇದರ ಅಗತ್ಯವೇ ಇಲ್ಲ ಎಂದು ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡೆ. ಐದನೆಯ ದಿನ ಮೆಟ್ಟಿಲು ಹತ್ತುವಾಗ ಎದೆಯ ಮೇಲೆ ಯಾರೋ ಮೊಣಕಾಲೂರಿದ ಹಾಗಾಯಿತು, ಎಡದವಡೆಯವರೆಗೂ ನೋವು ಹರಿಯಿತು. ತುರ್ತು ಚಿಕಿತ್ಸೆಯ ಕೋಣೆಯಲ್ಲಿ ನಾಡಿ 120 ದಾಟಿತ್ತು. ಅಲ್ಲಿದ್ದ ವೈದ್ಯೆ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಇತ್ತೀಚೆಗೆ ಯಾವುದಾದರೂ ಮಾತ್ರೆ ನಿಲ್ಲಿಸಿದ್ದೀರಾ?"

ಆಮೇಲೆ ಅವರೇ ಕಾರಣವನ್ನೂ ಬಿಡಿಸಿ ಹೇಳಿದರು. ಹೃದಯದ ಮೇಲೆ ಬೀಟಾ ಗ್ರಾಹಕಗಳು ಎಂಬ ಪುಟ್ಟ ಪುಟ್ಟ ಕಿವಿಗಳಿವೆ ಎಂದುಕೋ. ಗಾಬರಿಯಾದಾಗ ಮೈಯಲ್ಲಿ ಒಸರುವ ಅಡ್ರಿನಲಿನ್ ಬಂದು "ಓಡು, ಬೇಗ ಬಡಿ" ಎಂದು ಕೂಗಿದರೆ ಅವು ಕೇಳಿಸಿಕೊಳ್ಳುತ್ತವೆ. ಬೀಟಾ ಬ್ಲಾಕರ್ ಹೋಗಿ ಆ ಕಿವಿಗಳನ್ನು ಮುಚ್ಚುತ್ತದೆ. ಹೃದಯ ನಿಧಾನವಾಗುತ್ತದೆ, ಅದರ ದುಡಿಮೆಯೂ ಅದಕ್ಕೆ ಬೇಕಾದ ಆಮ್ಲಜನಕವೂ ಕಡಿಮೆಯಾಗುತ್ತವೆ. ಆದರೆ ಶರೀರ ಸುಮ್ಮನಿರುವುದಿಲ್ಲ. ತಿಂಗಳುಗಟ್ಟಲೆ ಕೂಗು ಕೇಳಿಸದಿದ್ದಾಗ ಇನ್ನಷ್ಟು ಕಿವಿಗಳನ್ನು ಬೆಳೆಸಿಕೊಳ್ಳುತ್ತದೆ. ನೀನು ಥಟ್ಟನೆ ಮಾತ್ರೆ ಬಿಟ್ಟೆಯೋ, ಅಷ್ಟೂ ಕಿವಿಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಮೊದಲಿದ್ದುದಕ್ಕಿಂತ ಜೋರಾಗಿ ಎದೆ ಬಡಿಯುತ್ತದೆ, ಬಿಪಿ ಜಿಗಿಯುತ್ತದೆ. ಹೃದಯದ ರಕ್ತನಾಳ ಕಿರಿದಾಗಿರುವವರಿಗೆ ಎದೆನೋವು, ಕೆಲವೊಮ್ಮೆ ಹೃದಯಾಘಾತವೇ ಆಗಬಹುದು. ನಿಲ್ಲಿಸಲೇಬೇಕಾದ ಸಂದರ್ಭಗಳೂ ಇರುತ್ತವೆ, ಇಲ್ಲವೆನ್ನುವುದಿಲ್ಲ. ಆಗ ಡಾಕ್ಟರು ಸಾಮಾನ್ಯವಾಗಿ ಒಂದೆರಡು ವಾರ ಹಿಡಿದು ಡೋಸನ್ನು ಹಂತಹಂತವಾಗಿ ಇಳಿಸುತ್ತಾರೆ. ಆ ಲೆಕ್ಕ ಅವರದು, ನಿನ್ನದಲ್ಲ, ನನ್ನದೂ ಅಲ್ಲ. ಬಿಪಿ ಸರಿಯಾಗಿದೆ ಎಂದೆಯಲ್ಲ, ಅದು ಸರಿಯಾಗಿರುವುದು ಮಾತ್ರೆ ಕೆಲಸ ಮಾಡುತ್ತಿರುವುದರಿಂದ. ಈ ಒಂದು ಸಾಲು ನಿನ್ನ ಮನಸ್ಸಿನಲ್ಲಿ ಉಳಿದರೂ ನನಗೆ ಸಾಕು.

ಈ ಮಾತ್ರೆಯ ಬಗ್ಗೆ ನನಗೊಂದು ಗೌರವವಿದೆ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ ರೂಪಿಸಿದರು. ನೋಯುವ ಹೃದಯಕ್ಕೆ ಹೆಚ್ಚು ಆಮ್ಲಜನಕ ಒದಗಿಸುವುದು ಹೇಗೆ ಎಂದು ಉಳಿದವರು ಯೋಚಿಸುತ್ತಿದ್ದಾಗ, ಹೃದಯದ ಬೇಡಿಕೆಯನ್ನೇ ತಗ್ಗಿಸಿದರೆ ಹೇಗೆ ಎಂದು ಕೇಳಿದವರು ಅವರು. 1988ರಲ್ಲಿ ನೊಬೆಲ್ ಬಹುಮಾನವೂ ಬಂತು. ನನ್ನ ಎದೆನೋವು ನಿಂತಿದ್ದು ಆ ಒಂದು ಪ್ರಶ್ನೆಯಿಂದ ಎಂದು ಆಗಾಗ ನೆನೆಯುತ್ತೇನೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿರುವುದು ಇನ್ನೊಂದು. ಚಿಕ್ಕಂದಿನಲ್ಲಿ ನಿನಗೆ ಉಬ್ಬಸವಿತ್ತು, ನೆನಪಿದೆಯಾ? ರಾತ್ರಿ ಎದ್ದು ಕೂತು ಸುಯ್‌ಗುಡುತ್ತಿದ್ದೆ. ಅದನ್ನು ಈ ಮಾತ್ರೆ ಬರೆದ ಡಾಕ್ಟರಿಗೆ ಹೇಳಿದ್ದೀಯಾ? ಹೃದಯದಲ್ಲಿರುವಂಥ ಕಿವಿಗಳು ಶ್ವಾಸನಾಳದಲ್ಲೂ ಇವೆ. ಅಲ್ಲಿ ಅವು ನಾಳವನ್ನು ಅಗಲವಾಗಿಡುತ್ತವೆ. ಪ್ರೊಪ್ರನೊಲಾಲ್‌ನಂಥವು ಹೃದಯದ್ದನ್ನೂ ಶ್ವಾಸನಾಳದ್ದನ್ನೂ ಭೇದವಿಲ್ಲದೆ ಮುಚ್ಚುತ್ತವೆ, ಉಬ್ಬಸ ಕೆರಳಬಹುದು, ಇನ್ಹೇಲರ್ ಕೂಡ ಸರಿಯಾಗಿ ಹಿಡಿಯದೆ ಹೋಗಬಹುದು. ಬಿಸೊಪ್ರೊಲಾಲ್, ಮೆಟೊಪ್ರೊಲಾಲ್, ಅಟೆನೊಲಾಲ್ ಹೆಚ್ಚಾಗಿ ಹೃದಯವನ್ನೇ ಹುಡುಕಿಕೊಂಡು ಹೋಗುತ್ತವೆ, ಆದರೂ ಡೋಸ್ ಏರಿದಂತೆ ಆ ಭೇದ ಅಳಿಸುತ್ತಾ ಬರುತ್ತದೆ. ಇಪ್ಪತ್ತು ವರ್ಷದಿಂದ ಉಬ್ಬಸ ಬಂದಿಲ್ಲವಲ್ಲ ಎಂದು ಸುಮ್ಮನಿರಬೇಡ. ನಾಳೆಯೇ ಫೋನ್ ಮಾಡಿ ಹೇಳು. ಉಸಿರು ಬಿಗಿಯಾದರೆ, ಸುಯ್ ಸದ್ದು ಬಂದರೆ ನಾಳೆಯವರೆಗೂ ಕಾಯದೆ ಆಗಲೇ ಆಸ್ಪತ್ರೆಗೆ ಹೋಗು. ಮಗುವಿನ ಯೋಚನೆ ನಿಮ್ಮಿಬ್ಬರಿಗೂ ಇದೆಯಲ್ಲ, ಅದನ್ನೂ ಮೊದಲೇ ತಿಳಿಸು. ಬಸಿರಿನಲ್ಲಿ ಅಟೆನೊಲಾಲ್ ಸಾಮಾನ್ಯವಾಗಿ ಕೊಡುವುದಿಲ್ಲ, ಲ್ಯಾಬೆಟಲಾಲ್‌ನಂಥದ್ದಕ್ಕೆ ಬದಲಿಸುತ್ತಾರೆ.

ಇವುಗಳ ಹೆಸರುಗಳೆಲ್ಲ 'ಲಾಲ್' ಎಂದು ಮುಗಿಯುವುದನ್ನು ಗಮನಿಸಿದೆಯಾ? ಇದೊಂದು ಒಳ್ಳೆಯ ಗುರುತು. ನನಗೆ ಗ್ಲಾಕೋಮಾ ಬಂದಾಗ ಕಣ್ಣಿಗೆ ಬರೆದ ಹನಿಯ ಹೆಸರು ಟಿಮೊಲಾಲ್. ಬಾಟಲಿ ನೋಡಿ ಕೇಳಿದೆ, ಹೌದು, ಅದೂ ಬೀಟಾ ಬ್ಲಾಕರೇ! ಕಣ್ಣಿನ ಹನಿ ರಕ್ತಕ್ಕೂ ಸೇರುತ್ತದೆ, ನಾಡಿ ಇನ್ನಷ್ಟು ಇಳಿಸುತ್ತದೆ. ಕಣ್ಣಿನ ಡಾಕ್ಟರಿಗೆ ನನ್ನ ಹೃದಯದ ಮಾತ್ರೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಅಂದಿನಿಂದ ನುಂಗುವುದು, ಹಾಕುವುದು, ಸೇದುವುದು ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟಿದ್ದೇನೆ. ನೀನೂ ಹಾಗೆ ಮಾಡು. ವೆರಪಮಿಲ್, ಡಿಲ್ಟಿಯಾಜೆಮ್ ಎಂಬ ಮಾತ್ರೆಗಳು ಬೀಟಾ ಬ್ಲಾಕರ್ ಜೊತೆ ಸೇರಿದರೆ ಎದೆಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕಟ್ಟಿದ ಮೂಗಿಗೆಂದು ಅಂಗಡಿಯಲ್ಲಿ ನೇರವಾಗಿ ಕೊಡುವ ಕೆಲವು ಮಾತ್ರೆಗಳೂ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳೂ ಬಿಪಿ ಏರಿಸುತ್ತವೆ, ಕೇಳದೆ ತೆಗೆದುಕೊಳ್ಳಬೇಡ. ಯಾವುದೇ ಆಪರೇಷನ್ ಇದ್ದರೆ ಅರಿವಳಿಕೆ ಕೊಡುವವರಿಗೆ ತಿಳಿಸು, ಅವರು ಹೇಳದ ಹೊರತು ಆ ದಿನದ ಮಾತ್ರೆಯನ್ನೂ ತಪ್ಪಿಸಬೇಡ.

ಸುಸ್ತಾಗುತ್ತದೆ ಎಂದೂ ನೀನು ಹೇಳಿದೆಯಲ್ಲ. ಮೊದಲ ಕೆಲವು ವಾರ ಅದು ಇರುತ್ತದೆ, ಬಹಳ ಜನರಿಗೆ ಆಮೇಲೆ ತಗ್ಗುತ್ತದೆ. ಕೈಕಾಲು ತಣ್ಣಗಾಗುವುದು, ಎದ್ದು ನಿಂತ ಕೂಡಲೇ ಕಣ್ಣು ಕತ್ತಲಿಡುವುದು ಇವೆಲ್ಲ ನನಗೂ ಆಗಿವೆ. ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ಏಳು. ಕೆಲವರಿಗೆ ವಿಚಿತ್ರ ಕನಸುಗಳು ಬೀಳುತ್ತವೆ, ನಿದ್ದೆ ಕೆಡುತ್ತದೆ. ಗಂಡಸರಲ್ಲಿ ಕೆಲವರಿಗೆ ಲೈಂಗಿಕ ತೊಂದರೆಯಾಗುತ್ತದೆ, ಹೇಳಲು ನಾಚಿ ಗುಟ್ಟಾಗಿ ಮಾತ್ರೆ ಬಿಟ್ಟವರನ್ನು ನಾನು ಬಲ್ಲೆ. ಇವೆಲ್ಲಕ್ಕೂ ದಾರಿಯಿದೆ. ಡೋಸ್ ಇಳಿಸಬಹುದು, ಬೇರೆ 'ಲಾಲ್'ಗೆ ಬದಲಿಸಬಹುದು, ಬೇರೆ ಬಗೆಯ ಮಾತ್ರೆಗೇ ಹೋಗಬಹುದು. ಬಾಯಿಬಿಟ್ಟು ಹೇಳಬೇಕು, ಅಷ್ಟೇ.

ವ್ಯಾಯಾಮ ಮಾಡುವಾಗ ಕೈಗಡಿಯಾರ ತೋರಿಸುವ ಎದೆಬಡಿತದ ಗುರಿಯನ್ನು ಬೆನ್ನಟ್ಟಬೇಡ. ಮಾತ್ರೆ ಅದನ್ನು ಏರಲು ಬಿಡುವುದಿಲ್ಲ. ನಡೆಯುತ್ತಲೇ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ ಸಾಕು.

ಬೆಳಿಗ್ಗೆ ಎದ್ದು ಸುಮ್ಮನೆ ಕೂತಿರುವಾಗ ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡು ನಾಡಿ ಎಣಿಸು. ಹೆಬ್ಬೆರಳಿನಿಂದ ಎಣಿಸಬೇಡ, ಅದಕ್ಕೂ ತನ್ನದೇ ಮಿಡಿತವಿದೆ. ಈ ಮಾತ್ರೆಯಲ್ಲಿರುವವರಿಗೆ 55, 60 ಬಂದರೆ ಗಾಬರಿ ಬೇಡ. 50ಕ್ಕಿಂತ ಕೆಳಗಿಳಿದರೆ ಡಾಕ್ಟರಿಗೆ ತಿಳಿಸು. ಜೊತೆಗೆ ತಲೆಸುತ್ತು, ಮೂರ್ಛೆ, ಏದುಸಿರು ಇದ್ದರೆ ಅದು ತುರ್ತು. ಒಂದು ಹೊತ್ತು ಮರೆತರೆ ನೆನಪಾದಾಗ ತೆಗೆದುಕೋ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡು. ಸೇರಿಸಿ ಎರಡು ನುಂಗುವುದು ಮಾತ್ರ ಎಂದಿಗೂ ಬೇಡ. ನಿನ್ನ ಚೀಟಿಯಲ್ಲಿ ಮೆಟೊಪ್ರೊಲಾಲ್ ಸಕ್ಸಿನೇಟ್ ಎಂದಿದ್ದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ಅಗಿಯಬಾರದು, ಪುಡಿಮಾಡಬಾರದು.

ನಿನ್ನ ಅಪ್ಪನಿಗೂ ಇದನ್ನು ಓದಿ ಹೇಳು. ಅವನದು ಬಲಗುಂದಿದ ಹೃದಯ. 3.125 ಮಿಲಿಗ್ರಾಂ ಕಾರ್ವೆಡಿಲಾಲ್ ದಿನಕ್ಕೆರಡು ಸಲ ಶುರುಮಾಡಿದ್ದಾರೆ, "ಇಷ್ಟು ಸಣ್ಣದು ಏನು ಮಾಡೀತು" ಎನ್ನುತ್ತಾನೆ. ಅಂಥ ಹೃದಯಕ್ಕೆ ಹಾಗೆಯೇ ಶುರುಮಾಡಬೇಕು. ತಡೆದುಕೊಂಡರೆ ಎರಡೆರಡು ವಾರಕ್ಕೊಮ್ಮೆ ಏರಿಸುತ್ತಾರೆ. ಏನಾದರೂ ತಿಂದಾಗಲೇ ನುಂಗಲಿ, ಬರಿಹೊಟ್ಟೆಯಲ್ಲಿ ತಲೆಸುತ್ತು ಹೆಚ್ಚು. ದಿನಾ ತೂಕ ನೋಡಲಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ನೀರು, ತಕ್ಷಣ ತಿಳಿಸಬೇಕು. ಇನ್ಸುಲಿನ್ ಬೇರೆ ತೆಗೆದುಕೊಳ್ಳುತ್ತಾನೆ. ಸಕ್ಕರೆ ಇಳಿದಾಗ ಕೈ ನಡುಗುವುದು, ಎದೆ ಡವಗುಟ್ಟುವುದು ಈ ಮಾತ್ರೆಯಿಂದ ಮರೆಯಾಗಬಹುದು, ಬೆವರುವುದು ಮಾತ್ರ ಉಳಿಯುತ್ತದೆ. ಕಾರಣವಿಲ್ಲದೆ ಬೆವರಿದರೆ ಮೊದಲು ಸಕ್ಕರೆ ಪರೀಕ್ಷಿಸಲಿ.

ಮಾತ್ರೆಯ ಡಬ್ಬಿಯಲ್ಲಿ ಒಂದು ವಾರದ್ದು ಉಳಿದಿರುವಾಗಲೇ ಮುಂದಿನದನ್ನು ತಂದಿಡು. ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ. ನಾಡಿ ಎಷ್ಟು ಬಂತು, ಉಬ್ಬಸದ ಬಗ್ಗೆ ಡಾಕ್ಟರು ಏನೆಂದರು, ಎರಡನ್ನೂ ಕೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ