ಸೋತ ಪಂದ್ಯದಲ್ಲಿ ಹೊಡೆದ ಗೋಲು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

2019ರ ಚಾಂಪಿಯನ್ಸ್ ಲೀಗ್ (ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಟೂರ್ನಿ) ಫೈನಲ್‌ಗೆ ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಟಾಟನ್‌ಹ್ಯಾಮ್ ಬಂದ ದಾರಿಯ ಬಗ್ಗೆ ಕಾಲೇಜಿನ ಪತ್ರಿಕೆಗೆ ಬರೆಯುತ್ತಿದ್ದೀಯಲ್ಲ, ಕರಡು ಓದಿದೆ. ಚೆನ್ನಾಗಿದೆ. ಆದರೆ ಅದರಲ್ಲಿ ಗೆದ್ದ ಪಂದ್ಯಗಳೇ ತುಂಬಿವೆ, ಸೋತವು ಒಂದೊಂದು ಸಾಲಿನಲ್ಲಿ ಮುಗಿದುಹೋಗಿವೆ. ಈ ಎರಡು ತಂಡಗಳ ವಿಷಯದಲ್ಲಿ ಹಾಗೆ ಮಾಡಿದರೆ ಕಥೆಯೇ ಕೈತಪ್ಪುತ್ತದೆ. ಫೈನಲ್‌ಗೆ ಮೊದಲು ಎರಡೂ ಆಡಿದ್ದು 12 ಪಂದ್ಯ, ಎರಡೂ ಸೋತದ್ದು ನಾಲ್ಕು ನಾಲ್ಕು. ಮೂರರಲ್ಲಿ ಒಂದು ಪಂದ್ಯ ಸೋತ ತಂಡಗಳು ಯುರೋಪಿನ ಅತಿ ದೊಡ್ಡ ಫೈನಲ್‌ಗೆ ಹೇಗೆ ಬಂದವು? ಸೋಲುವಾಗಲೂ ಅವರು ಹೊಡೆದ ಗೋಲುಗಳು ಮುಂದೆ ಲೆಕ್ಕಕ್ಕೆ ಬಂದವು. ಲೇಖನವನ್ನು ಈ ಎಳೆ ಹಿಡಿದೇ ಕಟ್ಟು.

ಗುಂಪು ಹಂತದಿಂದ ಶುರು ಮಾಡೋಣ. ಆಗ ಗುಂಪಿಗೆ ನಾಲ್ಕು ತಂಡ, ಪ್ರತಿ ಎದುರಾಳಿಯ ಜೊತೆ ತವರಿನಲ್ಲೊಂದು, ಹೊರಗೊಂದು ಪಂದ್ಯ, ಗೆದ್ದರೆ 3 ಅಂಕ, ಡ್ರಾ ಆದರೆ 1, ಮೇಲಿನ ಎರಡು ತಂಡ ಮುಂದಕ್ಕೆ. ತಪ್ಪುಗಳು ಹೆಚ್ಚು ನುಸುಳುವುದು ಅಲ್ಲೇ. ಅಂಕ ಸಮವಾದರೆ ಕ್ರಿಕೆಟ್‌ನ ನೆಟ್ ರನ್‌ರೇಟ್ ಥರ ಒಟ್ಟು ಗೋಲು ವ್ಯತ್ಯಾಸ ನೋಡುತ್ತಾರೆ ಎಂದು ನೀನು ಬರೆದಿದ್ದೀಯ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಅದು ಸರಿ. ಟೂರ್ನಿ ನಡೆಸುವ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಆ ವರ್ಷ ಮೊದಲು ನೋಡುತ್ತಿದ್ದದ್ದು ಅಂಕ ಸಮವಾದ ಎರಡು ತಂಡಗಳ ಮುಖಾಮುಖಿಯನ್ನು. ಆ ಎರಡು ಪಂದ್ಯಗಳ ಅಂಕ, ಅವುಗಳ ಗೋಲು ವ್ಯತ್ಯಾಸ, ಹೊಡೆದ ಗೋಲು, ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲು. ಇದೆಲ್ಲವೂ ಸಮವಾದರೆ ಮಾತ್ರ ಇಡೀ ಗುಂಪಿನ ಗೋಲು ವ್ಯತ್ಯಾಸ, ಆಮೇಲೆ ಒಟ್ಟು ಗೋಲು. ಈ ಅನುಕ್ರಮ ಗೊತ್ತಿಲ್ಲದಿದ್ದರೆ ಎರಡೂ ತಂಡಗಳು ಹೇಗೆ ಪಾರಾದವು ಎನ್ನುವುದು ಅರ್ಥವಾಗುವುದಿಲ್ಲ.

ಟಾಟನ್‌ಹ್ಯಾಮ್ ನೋಡು. ಮಿಲಾನ್‌ನಲ್ಲಿ ಇಂಟರ್ ಎದುರು ಎರಿಕ್ಸನ್ 53ನೇ ನಿಮಿಷದಲ್ಲಿ ಗೋಲು ಹೊಡೆದ. 85ರಲ್ಲಿ ಇಕಾರ್ಡಿ, 90+2ರಲ್ಲಿ (90 ನಿಮಿಷದ ಮೇಲೆ ಸೇರಿಸಿದ ಸಮಯದ ಎರಡನೇ ನಿಮಿಷ) ವೆಸಿನೊ ಹೊಡೆದು ಪಂದ್ಯ 2-1ರಿಂದ ಇಂಟರ್ ಪಾಲಾಯಿತು. ಆಮೇಲೆ ಆಗ ತವರಾಗಿದ್ದ ವೆಂಬ್ಲಿಯಲ್ಲಿ ಬಾರ್ಸಿಲೋನಾ ಎದುರು 2-4 ಸೋಲು. ಗುಂಪಿನ ನಾಲ್ಕನೇ ತಂಡ ಪಿಎಸ್‌ವಿಯ ಅಂಗಳದಲ್ಲಿ 2-1 ಮುಂದಿದ್ದಾಗ ಗೋಲ್‌ಕೀಪರ್ ಲೋರಿಸ್‌ಗೆ ಕೆಂಪು ಕಾರ್ಡ್, 87ರಲ್ಲಿ ಗೋಲು ಬಿಟ್ಟು 2-2. ಮೂರು ಪಂದ್ಯ ಮುಗಿದಾಗ ಒಂದೇ ಒಂದು ಅಂಕ! ನಾಲ್ಕನೇ ಪಂದ್ಯದಲ್ಲೂ ತವರಿನಲ್ಲೇ ಪಿಎಸ್‌ವಿಗೆ 2ನೇ ನಿಮಿಷದಲ್ಲಿ ಗೋಲು ಬಿಟ್ಟು 78ರವರೆಗೆ ಹಿಂದೆಯೇ ಇದ್ದರು. ಹ್ಯಾರಿ ಕೇನ್ 78 ಮತ್ತು 89ರಲ್ಲಿ ಹೊಡೆದು ಉಳಿಸಿದ. ಇಂಟರ್ ವಿರುದ್ಧದ 1-0 ಗೆಲುವಿನ ಗೋಲು ಬಂದದ್ದೂ 80ರಲ್ಲಿ, ಅದೇ ಎರಿಕ್ಸನ್‌ನಿಂದ.

ಕೊನೆಯ ದಿನ ಡಿಸೆಂಬರ್ 11. ಟಾಟನ್‌ಹ್ಯಾಮ್, ಇಂಟರ್ ಎರಡಕ್ಕೂ 7 ಅಂಕ. ಬಾರ್ಸಿಲೋನಾದಲ್ಲಿ ಟಾಟನ್‌ಹ್ಯಾಮ್ 7ನೇ ನಿಮಿಷದಿಂದ 0-1 ಹಿಂದೆ, ಮಿಲಾನ್‌ನಲ್ಲಿ ಇಂಟರ್ ಕೂಡ ಪಿಎಸ್‌ವಿಗೆ 0-1 ಹಿಂದೆ. 73ರಲ್ಲಿ ಇಕಾರ್ಡಿ ಸಮ ಮಾಡಿದಾಗ ಟಾಟನ್‌ಹ್ಯಾಮ್ ಹೊರಬಿದ್ದಂತೆಯೇ ಇತ್ತು. 85ರಲ್ಲಿ ಲೂಕಸ್ ಮೌರಾ ಸಮ ಮಾಡಿದ. ಇಬ್ಬರಿಗೂ 8 ಅಂಕ. ಮುಖಾಮುಖಿಯಲ್ಲಿ ಅಂಕ ಸಮ, ವ್ಯತ್ಯಾಸ ಸೊನ್ನೆ, ಗೋಲು ಎರಡೆರಡು. ಉಳಿದದ್ದು ಎದುರಾಳಿ ಅಂಗಳದ ಗೋಲು: ಟಾಟನ್‌ಹ್ಯಾಮ್‌ಗೆ ಒಂದು, ಇಂಟರ್‌ಗೆ ಇಲ್ಲ. ಸೆಪ್ಟೆಂಬರ್‌ನಲ್ಲಿ ಸೋತ ಪಂದ್ಯದ ಆ ಎರಿಕ್ಸನ್ ಗೋಲು ಡಿಸೆಂಬರ್‌ನಲ್ಲಿ ತಂಡವನ್ನು ದಾಟಿಸಿತು. ನಿನ್ನ ಕರಡಿನಲ್ಲಿ ಆ ಗೋಲೇ ಇಲ್ಲ.

ಲಿವರ್‌ಪೂಲ್‌ನ ಲೆಕ್ಕ ಇನ್ನೂ ಸೂಕ್ಷ್ಮ. ನೇಪಲ್ಸ್ (ನಾಪೋಲಿ), ಬೆಲ್‌ಗ್ರೇಡ್ (ರೆಡ್ ಸ್ಟಾರ್), ಪ್ಯಾರಿಸ್ (ಪಿಎಸ್‌ಜಿ), ಹೊರಗೆ ಆಡಿದ ಮೂರೂ ಪಂದ್ಯ ಸೋಲು. ಕೊನೆಯ ದಿನ ನಾಪೋಲಿಗೆ 9, ಪಿಎಸ್‌ಜಿಗೆ 8, ಲಿವರ್‌ಪೂಲ್‌ಗೆ 6. ತವರಿನ ಅಂಗಳ ಆನ್‌ಫೀಲ್ಡ್‌ನಲ್ಲಿ ನಾಪೋಲಿಯನ್ನು 1-0ಯಿಂದ ಸೋಲಿಸಿದರೆ ಸಾಕು, 2-1 ಆದರೆ ಸಾಲದು. ಏಕೆಂದರೆ ನೇಪಲ್ಸ್‌ನಲ್ಲಿ ಲಿವರ್‌ಪೂಲ್ 0-1 ಸೋತಿತ್ತು. 2-1 ಆದರೆ ನಾಪೋಲಿಗೆ ಎದುರಾಳಿ ಅಂಗಳದ ಒಂದು ಗೋಲು ಸಿಕ್ಕಿ ಅದೇ ಮುಂದೆ ಹೋಗುತ್ತಿತ್ತು. ಸಲಾಹ್ 34ರಲ್ಲಿ ಹೊಡೆದ. 90+2ರಲ್ಲಿ ನಾಪೋಲಿಯ ಮಿಲಿಕ್ ಕೆಲವೇ ಗಜ ದೂರದಿಂದ ಒದ್ದ ಚೆಂಡನ್ನು ಗೋಲ್‌ಕೀಪರ್ ಅಲಿಸನ್ ಮೈಚಾಚಿ ತಡೆದ. ಪಂದ್ಯ 1-0.

ಈಗ ಪೆನ್ನು ಹಿಡಿದು ಕೂಡಿಸು. ಇಬ್ಬರಿಗೂ 9 ಅಂಕ, ಮುಖಾಮುಖಿ ಪೂರ್ತಿ ಸಮ. ಲಿವರ್‌ಪೂಲ್ ಹೊಡೆದದ್ದು 9, ಬಿಟ್ಟದ್ದು 7. ನಾಪೋಲಿ ಹೊಡೆದದ್ದು 7, ಬಿಟ್ಟದ್ದು 5. ವ್ಯತ್ಯಾಸವೂ ಸಮ, ಎರಡೆರಡು. ಹೊಡೆದ ಗೋಲು ಹೆಚ್ಚಿದ್ದರಿಂದ ಲಿವರ್‌ಪೂಲ್ ದಾಟಿತು. ಪ್ಯಾರಿಸ್‌ನಲ್ಲಿ 1-2 ಸೋತಾಗ ಮಿಲ್ನರ್ ವಿರಾಮಕ್ಕೆ ಮುಂಚೆ ಹೊಡೆದ ಪೆನಾಲ್ಟಿಯನ್ನು ಈ ಒಂಬತ್ತರಿಂದ ತೆಗೆದು ನೋಡು. ವ್ಯತ್ಯಾಸ ಒಂದಕ್ಕೆ ಇಳಿದು ಲಿವರ್‌ಪೂಲ್ ಹೊರಗೆ. ರೆಡ್ ಸ್ಟಾರ್ ಎದುರು 3-0 ಮುಂದಿದ್ದಾಗ 80ನೇ ನಿಮಿಷದಲ್ಲಿ ಮಾನೆ ಹೊಡೆದ ನಾಲ್ಕನೇ ಗೋಲು ತೆಗೆದರೂ ಅಷ್ಟೇ. ಅಂದು ಯಾರೂ ತಲೆಕೆಡಿಸಿಕೊಳ್ಳದ ಗೋಲು ಅದು. ಈ ಲೆಕ್ಕವನ್ನು ಪೂರ್ತಿ ಬರೆ. ಬೇಕಾದರೆ ಪಿಎಸ್‌ಜಿ ವಿರುದ್ಧದ 3-2 ಗೆಲುವಿನ ವರ್ಣನೆ ಕಡಿಮೆ ಮಾಡು.

ಸೋತವರು ಹೊರಬೀಳುವ ನಾಕೌಟ್‌ಗೆ ಬರೋಣ. ಫೈನಲ್ ಬಿಟ್ಟು ಉಳಿದ ಸುತ್ತುಗಳಲ್ಲಿ ತವರಿನಲ್ಲೊಂದು, ಹೊರಗೊಂದು ಪಂದ್ಯ. ನೀನು ಮಾಡಿಕೊಂಡ ಪಟ್ಟಿಯಲ್ಲಿ ದಿನಾಂಕ, ಸ್ಕೋರ್ ಎರಡೇ ಕಂಬ (ಕಾಲಂ) ಇವೆ. ಇನ್ನು ಮೂರು ಬೇಕು: ಗೋಲಿನ ನಿಮಿಷ, ಆ ಕ್ಷಣಕ್ಕೆ ಎರಡೂ ಪಂದ್ಯ ಸೇರಿದ ಒಟ್ಟು ಸ್ಕೋರ್, ಮತ್ತು ಹಿಂದಿರುವ ತಂಡಕ್ಕೆ ಇನ್ನೆಷ್ಟು ಗೋಲು ಬೇಕು. ಕೊನೆಯ ಕಂಬ ತುಂಬಿದರೆ ಪಂದ್ಯದ ಏರಿಳಿತ ತಾನೇ ಕಾಣುತ್ತದೆ. ಸ್ಕೋರ್ ಬರೆಯುವಾಗ ತವರಿನ ತಂಡವನ್ನೇ ಮೊದಲು ಬರೆ. ಒಂದು ಕಡೆ ಹಾಗೆ, ಒಂದು ಕಡೆ ಹೀಗೆ ಬರೆದರೆ ಕೂಡಿಸುವಾಗ ತಲೆಕೆಳಗಾಗುತ್ತದೆ. ದಿನಾಂಕವೂ ಅಲ್ಲಿಯದೇ ಇರಲಿ. ಭಾರತದಲ್ಲಿ ಆ ಪಂದ್ಯಗಳು ಏಪ್ರಿಲ್–ಮೇನಲ್ಲಿ ರಾತ್ರಿ 12.30ಕ್ಕೆ, ಚಳಿಗಾಲದಲ್ಲಿ 1.30ಕ್ಕೆ ಶುರುವಾಗುವುದರಿಂದ ನಮ್ಮ ಕ್ಯಾಲೆಂಡರ್ ಒಂದು ದಿನ ಮುಂದಿರುತ್ತದೆ. ಬಾರ್ಸಿಲೋನಾ ವಿರುದ್ಧದ ಆನ್‌ಫೀಲ್ಡ್ ಪಂದ್ಯವನ್ನು ನೀನು ಮೇ 8 ಎಂದು ಬರೆದದ್ದು ಅದಕ್ಕೇ. ಅದು ಮೇ 7.

ಎದುರಾಳಿ ಅಂಗಳದ ಗೋಲಿನ ನಿಯಮ ಆಗ ಜಾರಿಯಲ್ಲಿತ್ತು: ಎರಡು ಪಂದ್ಯ ಸೇರಿ ಗೋಲು ಸಮವಾದರೆ ಹೊರಗೆ ಹೆಚ್ಚು ಹೊಡೆದವರು ಮುಂದೆ. ಟಾಟನ್‌ಹ್ಯಾಮ್ ಡಾರ್ಟ್‌ಮಂಡನ್ನು 3-0, 1-0ಯಿಂದ ದಾಟಿದ್ದನ್ನು ಒಂದು ಸಾಲಿನಲ್ಲಿ ಮುಗಿಸು. ಲಿವರ್‌ಪೂಲ್ ಪೋರ್ಟೊವನ್ನು ಒಟ್ಟು 6-1ರಿಂದ ಸೋಲಿಸಿದ್ದಕ್ಕೂ ಅಷ್ಟು ಸಾಕು. ಬಯರ್ನ್ ಮ್ಯೂನಿಕ್ ವಿರುದ್ಧ ಲಿವರ್‌ಪೂಲ್ ತವರಿನಲ್ಲಿ ಆಡಿದ 0-0 ಮಾತ್ರ ಹಾಗೆ ದಾಟಿಸಬೇಡ. ನಿನ್ನ ಕರಡಿನಲ್ಲಿ ಅದು ‘ನೀರಸ ಡ್ರಾ’. ಸೆಂಟರ್‌ಬ್ಯಾಕ್ (ಗೋಲಿನ ಮುಂದೆ ಮಧ್ಯದಲ್ಲಿ ನಿಲ್ಲುವ ರಕ್ಷಕ) ವಾನ್ ಡೈಕ್‌ಗೆ ಅಂದು ನಿಷೇಧವಿತ್ತು, ಮಿಡ್‌ಫೀಲ್ಡರ್ ಫಾಬಿನ್ಯೊ ಮ್ಯಾಟಿಪ್ ಪಕ್ಕದಲ್ಲಿ ಸೆಂಟರ್‌ಬ್ಯಾಕ್ ಆಗಿ ಆಡಿದ. ತವರಿನಲ್ಲಿ ಗೋಲು ಬಿಡದಿದ್ದರೆ ಮ್ಯೂನಿಕ್‌ನಲ್ಲಿ ಗೋಲು ಬರುವ ಯಾವ ಡ್ರಾ ಆದರೂ ಸಾಕು. ಅಂದರೆ ಅದು ಒಳ್ಳೆಯ ಫಲಿತಾಂಶವೇ. ಮ್ಯೂನಿಕ್‌ನಲ್ಲಿ 3-1 ಗೆದ್ದರು.

ಮ್ಯಾಂಚೆಸ್ಟರ್ ಸಿಟಿ ವಿರುದ್ಧದ ಟಾಟನ್‌ಹ್ಯಾಮ್ ಕ್ವಾರ್ಟರ್‌ಫೈನಲ್‌ಗೆ ಜಾಗ ಧಾರಾಳವಾಗಿ ಕೊಡು. ತವರಾದ ಲಂಡನ್‌ನಲ್ಲಿ ಸಿಟಿಯ ಅಗ್ವೆರೊನ ಪೆನಾಲ್ಟಿಯನ್ನು ಲೋರಿಸ್ ತಡೆದ, ಟಾಟನ್‌ಹ್ಯಾಮ್‌ನ ಸನ್ 78ರಲ್ಲಿ ಹೊಡೆದ, 1-0. ಕೇನ್ ಕಣಕಾಲಿಗೆ ಪೆಟ್ಟಾಗಿ ಹೊರಹೋದ. ಏಪ್ರಿಲ್ 17ರಂದು ಮ್ಯಾಂಚೆಸ್ಟರ್‌ನಲ್ಲಿ ನಡೆದದ್ದನ್ನು ನಿನ್ನ ಹೊಸ ಕಂಬಗಳಲ್ಲಿ ಇಟ್ಟು ನೋಡು. 4ನೇ ನಿಮಿಷ ಸಿಟಿಯ ಸ್ಟರ್ಲಿಂಗ್, ಒಟ್ಟು 1-1. 7 ಮತ್ತು 10ರಲ್ಲಿ ಸನ್, ಟಾಟನ್‌ಹ್ಯಾಮ್ ಒಟ್ಟು 3-1 ಮುಂದೆ, ಸಿಟಿಗೆ ಇನ್ನು ಮೂರು ಬೇಕು. 11ರಲ್ಲಿ ಬರ್ನಾರ್ಡೊ ಸಿಲ್ವಾ, 21ರಲ್ಲಿ ಮತ್ತೆ ಸ್ಟರ್ಲಿಂಗ್, ಒಟ್ಟು 3-3, ಸಿಟಿಗೆ ಇನ್ನೊಂದು ಬೇಕು. 59ರಲ್ಲಿ ಅಗ್ವೆರೊ, ಈಗ ಸಿಟಿ 4-3 ಮುಂದೆ. 73ರಲ್ಲಿ ಕಾರ್ನರ್‌ನಿಂದ ಬಂದ ಚೆಂಡು ಟಾಟನ್‌ಹ್ಯಾಮ್‌ನ ಯೊರೆಂಟೆಯ ಸೊಂಟಕ್ಕೆ ತಗುಲಿ ಒಳಗೆ. ಕೈಗೆ ತಾಗಿತೇ ಎಂದು ರೆಫರಿ ಪರದೆ ನೋಡಿ ಬಂದು ಗೋಲು ಎತ್ತಿಹಿಡಿದರು. ಒಟ್ಟು 4-4, ಹೊರಗಿನ ಗೋಲು ಟಾಟನ್‌ಹ್ಯಾಮ್‌ಗೆ ಮೂರು. 90+3ರಲ್ಲಿ ಸ್ಟರ್ಲಿಂಗ್ ಮತ್ತೆ ಹೊಡೆದ, ಇಡೀ ಕ್ರೀಡಾಂಗಣ ಎದ್ದು ನಿಂತಿತು. ಎರಿಕ್ಸನ್‌ನ ಪಾಸ್ ಬರ್ನಾರ್ಡೊಗೆ ಬಡಿದು ಅಗ್ವೆರೊ ಕಡೆ ಹೋದಾಗ ಅಗ್ವೆರೊ ಆಫ್‌ಸೈಡ್‌ನಲ್ಲಿದ್ದ. ವಿಎಆರ್ (ವಿಡಿಯೊ ನೋಡಿ ತೀರ್ಪು ತಿದ್ದುವ ವ್ಯವಸ್ಥೆ) ಗೋಲು ರದ್ದು ಮಾಡಿತು. ಚಾಂಪಿಯನ್ಸ್ ಲೀಗ್‌ಗೆ ವಿಎಆರ್ ಬಂದದ್ದೇ ಆ ಫೆಬ್ರವರಿಯ ಪ್ರಿಕ್ವಾರ್ಟರ್‌ಫೈನಲ್‌ನಿಂದ. ಪಂದ್ಯ 4-3ರಿಂದ ಸಿಟಿಯದು, ಸೆಮಿಫೈನಲ್ ಟಾಟನ್‌ಹ್ಯಾಮ್‌ದು.

ಸೆಮಿಫೈನಲ್‌ನಲ್ಲಿ ಅಯಾಕ್ಸ್ ಲಂಡನ್‌ಗೆ ಬಂದು 1-0 ಗೆದ್ದಿತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿರಾಮಕ್ಕೆ ಅಯಾಕ್ಸ್ 2-0, ಒಟ್ಟು 3-0. ಆ ಹೊತ್ತಿಗೆ ಟಾಟನ್‌ಹ್ಯಾಮ್‌ಗೆ ಬೇಕಿದ್ದದ್ದು ಸರಿಯಾಗಿ ಮೂರು. ಮೂರು ಹೊಡೆದರೆ ಹೆಚ್ಚುವರಿ ಅವಧಿ ಎಂದು ನೀನು ಬರೆದದ್ದು ತಪ್ಪು. 3-3 ಆದರೆ ಹೊರಗಿನ ಗೋಲು ಇವರಿಗೆ ಮೂರು, ಅಯಾಕ್ಸ್‌ಗೆ ಒಂದು, ಅಲ್ಲಿಗೇ ತೀರ್ಮಾನ. ವಿರಾಮದಲ್ಲಿ ಕೋಚ್ ಪೊಚೆಟ್ಟಿನೊ ಮಿಡ್‌ಫೀಲ್ಡರ್ ವನ್ಯಾಮಾನನ್ನು ತೆಗೆದು ಎತ್ತರದ ಸ್ಟ್ರೈಕರ್ ಯೊರೆಂಟೆಯನ್ನು ಇಳಿಸಿದ. ಅಯಾಕ್ಸ್ ಮುಂದೆ ಬಂದು ಒತ್ತಡ ಹಾಕುವ ತಂಡ. ಆ ಒತ್ತಡದ ನಡುವೆ ಪಾಸ್ ಕೊಟ್ಟು ಬರುವ ಬದಲು ತಲೆ ಮೇಲಿಂದ ಚೆಂಡು ಕಳಿಸಿ, ಯೊರೆಂಟೆ ಸುತ್ತ ಬೀಳುವ ಚೆಂಡನ್ನು ವೇಗದವರು ಹೆಕ್ಕುವ ಉಪಾಯ. 55, 59ರಲ್ಲಿ ಲೂಕಸ್ ಮೌರಾ. ಆಮೇಲೆ ಅಯಾಕ್ಸ್‌ನ ಜಿಯೆಕ್ ಹೊಡೆದ ಚೆಂಡು ಗೋಲುಕಂಬಕ್ಕೆ ಬಡಿಯಿತು. 90+6ರಲ್ಲಿ ಸಿಸ್ಸೊಕೊ ಉದ್ದಕ್ಕೆ ಎತ್ತಿದ ಚೆಂಡಿಗೆ ಯೊರೆಂಟೆ ಎಗರಿದ, ಚೆಂಡು ಡೆಲಿ ಅಲಿಗೆ, ಅವನ ಒಂದು ಮೃದು ಸ್ಪರ್ಶ, ಲೂಕಸ್‌ನ ಎಡಗಾಲು, ಮೂಲೆಗೆ. ಹ್ಯಾಟ್ರಿಕ್. ಅಯಾಕ್ಸ್‌ನ ಎಳೆಯ ಆಟಗಾರರು ಹುಲ್ಲಿನ ಮೇಲೆ ಕುಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹಿಂದಿನ ರಾತ್ರಿ ಆನ್‌ಫೀಲ್ಡ್‌ನಲ್ಲಿ ಇನ್ನೊಂದು ಸೆಮಿಫೈನಲ್. ಬಾರ್ಸಿಲೋನಾದಲ್ಲಿ ಲಿವರ್‌ಪೂಲ್ 0-3 ಸೋತಿತ್ತು, ಹೊರಗಿನ ಗೋಲು ಒಂದೂ ಇಲ್ಲ. ಅಲ್ಲಿ ಕೊನೆಯ ಕ್ಷಣದಲ್ಲಿ ಬಾರ್ಸಿಲೋನಾದ ಡೆಂಬೆಲೆ ನಾಲ್ಕನೆಯದನ್ನು ಹೊಡೆಯುವ ಸುಲಭ ಅವಕಾಶವನ್ನು ಅಲಿಸನ್ ಕೈಗೇ ಒದ್ದ. ಗೆದ್ದ ಪಂದ್ಯದಲ್ಲಿ ಹೊಡೆಯದೆ ಉಳಿದ ಆ ಗೋಲನ್ನೂ ಬರೆದುಕೋ. ಅದು ಹೋಗಿದ್ದರೆ ಆನ್‌ಫೀಲ್ಡ್‌ನ 4-0 ಬರೀ ಹೆಚ್ಚುವರಿ ಅವಧಿ ತರುತ್ತಿತ್ತು. ಸಲಾಹ್, ಫಿರ್ಮಿನೊ ಇಬ್ಬರೂ ಆಡಲಿಲ್ಲ. 7ರಲ್ಲಿ ಹೆಂಡರ್ಸನ್‌ನ ಹೊಡೆತವನ್ನು ಬಾರ್ಸಿಲೋನಾ ಗೋಲ್‌ಕೀಪರ್ ಟೆರ್ ಸ್ಟೆಗೆನ್ ತಡೆದಾಗ ಚಿಮ್ಮಿದ ಚೆಂಡನ್ನು ಒರಿಗಿ ಗೋಲು ಮಾಡಿದ. ವಿರಾಮದಲ್ಲಿ ಗಾಯಗೊಂಡ ರಾಬರ್ಟ್‌ಸನ್ ಹೊರಗೆ. ಮಿಲ್ನರ್ ಎಡ ಬ್ಯಾಕ್‌ಗೆ ಸರಿದ, ವೈನಾಲ್ಡಮ್ ಮಧ್ಯಕ್ಕೆ ಬಂದ. ಅನಿವಾರ್ಯಕ್ಕೆ ಬಂದ ಆ ಬದಲಿ ಆಟಗಾರನೇ 54, 56ರಲ್ಲಿ ಎರಡು ಹೊಡೆದ. ಒಟ್ಟು 3-3. ಬಾರ್ಸಿಲೋನಾ ಒಂದು ಹೊಡೆದರೂ ಲಿವರ್‌ಪೂಲ್‌ಗೆ ಇನ್ನೆರಡು ಬೇಕಾಗುತ್ತಿತ್ತು. 79ರಲ್ಲಿ ಕಾರ್ನರ್. ಬಾಲ್ ಬಾಯ್ ಚೆಂಡನ್ನು ತಡಮಾಡದೆ ಕೊಟ್ಟ. ಅಲೆಕ್ಸಾಂಡರ್-ಆರ್ನಾಲ್ಡ್ ಚೆಂಡಿಟ್ಟು ಎರಡು ಹೆಜ್ಜೆ ಆಚೆ ನಡೆದ. ಬಾರ್ಸಿಲೋನಾದವರು ಇನ್ನೂ ಜಾಗ ಹುಡುಕುತ್ತಿದ್ದರು, ಅರ್ಧ ಜನ ಚೆಂಡಿನ ಕಡೆ ನೋಡುತ್ತಲೇ ಇರಲಿಲ್ಲ. ಅವನು ಥಟ್ಟನೆ ತಿರುಗಿ ಒದ್ದ, ಒರಿಗಿ ಒಳಗೆ ತಳ್ಳಿದ. 4-0. ಆಮೇಲೂ ಬಾರ್ಸಿಲೋನಾದ ಒಂದು ಗೋಲು ಎಲ್ಲವನ್ನೂ ಮುಳುಗಿಸುತ್ತಿತ್ತು, ಕೊನೆಯ ಸೀಟಿಯವರೆಗೂ ನಿರಾಳವಿರಲಿಲ್ಲ.

ಜೂನ್ 1ರ ಮ್ಯಾಡ್ರಿಡ್ ಫೈನಲ್‌ಗೆ ಒಂದು ಪ್ಯಾರಾ ಸಾಕು. ಲೀಗ್ ಮುಗಿದು ಸುಮಾರು ಮೂರು ವಾರದ ಬಿಡುವಿನಿಂದ ಎರಡೂ ತಂಡಗಳ ಕಾಲು ಜಡವಾಗಿತ್ತು. ಮೊದಲ ನಿಮಿಷದಲ್ಲೇ ಸಿಸ್ಸೊಕೊ ಕೈಗೆ ಚೆಂಡು ತಾಗಿ ಪೆನಾಲ್ಟಿ, ಸಲಾಹ್ ಹೊಡೆದ. 87ರಲ್ಲಿ ಮತ್ತೆ ಒರಿಗಿ, ಲಿವರ್‌ಪೂಲ್‌ಗೆ 2-0 ಗೆಲುವು. ಏಪ್ರಿಲ್‌ನಿಂದ ಆಡದಿದ್ದ ಕೇನ್‌ನನ್ನು ಇಳಿಸಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಲೂಕಸ್‌ನನ್ನು 66ನೇ ನಿಮಿಷದವರೆಗೆ ಬೆಂಚಿನಲ್ಲಿ ಕೂರಿಸಿದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ನೀನು ಒಪ್ಪದಿದ್ದರೆ ನಿನ್ನ ಕಾರಣ ಬರೆ.

ಇನ್ನೊಂದು. ಈ ಲೆಕ್ಕವನ್ನು ಈಗಿನ ಋತುವಿಗೆ ಹಚ್ಚಬೇಡ. ಹೊರಗಿನ ಗೋಲಿನ ನಿಯಮ 2021-22ರಿಂದ ಇಲ್ಲ. ಇಂದಿನ ನಿಯಮವಿದ್ದಿದ್ದರೆ ಮ್ಯಾಂಚೆಸ್ಟರ್, ಆಮ್‌ಸ್ಟರ್‌ಡ್ಯಾಮ್ ಎರಡೂ ಹೆಚ್ಚುವರಿ ಅವಧಿಗೆ ಹೋಗುತ್ತಿದ್ದವು. 2024-25ರಿಂದ ಗುಂಪುಗಳೂ ಇಲ್ಲ. 36 ತಂಡಗಳ ಒಂದೇ ಪಟ್ಟಿ, ತಂಡಕ್ಕೆ ಎಂಟು ಪಂದ್ಯ, ಅಂಕ ಸಮವಾದರೆ ಮೊದಲು ನೋಡುವುದು ಗೋಲು ವ್ಯತ್ಯಾಸ. ಇದನ್ನು ಲೇಖನದ ಬದಿಯಲ್ಲಿ ಪುಟ್ಟ ಚೌಕದಲ್ಲಿ ಹಾಕು, ಮುಖ್ಯ ಬರಹದಲ್ಲಿ ಬೆರೆಸಬೇಡ.

ಹೊಸ ಕಂಬಗಳನ್ನು ತುಂಬಿ ಭಾನುವಾರದೊಳಗೆ ಕಳಿಸು, ನಿಮಿಷಗಳನ್ನು ಇನ್ನೊಂದು ಸಲ ತಾಳೆ ನೋಡಿಕೊಡುತ್ತೇನೆ. ರಾತ್ರಿ ಪಂದ್ಯ ನೋಡಿದ ಮರುದಿನ ಬೆಳಗಿನ ತಿಂಡಿ ಬಿಡಬೇಡ.

ಪ್ರೀತಿಯಿಂದ,
ಅಮ್ಮ